ಡಚ್ ಮನೆಯೊಳಗಿನ ಚಿತ್ರಗಳನ್ನು ನಾನು ನೋಡುವ ಬಗೆ

17ನೇ ಶತಮಾನದ ಡಚ್ ಕಲಾವಿದರು ಬರೆದ ಮನೆಯೊಳಗಿನ ಚಿತ್ರ ಸಿಕ್ಕರೆ ನಾನು ಮೊದಲು ಅದರ ಹೆಸರು ಓದುವುದಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ, ಯಾರು ಯಾರನ್ನು ನೋಡುತ್ತಿದ್ದಾರೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ, ಇಷ್ಟನ್ನು ನೋಡುತ್ತೇನೆ. ನಾಯಿ ಅಂದರೆ ನಿಷ್ಠೆ, ಬಿಟ್ಟ ಚಪ್ಪಲಿ ಅಂದರೆ ಕಾಮ ಅನ್ನುವ ಪಟ್ಟಿಗಳು ಬೇಕಾದಷ್ಟಿವೆ. ಅವನ್ನೇ ಮೊದಲು ಹಿಡಿದುಕೊಂಡರೆ ಚಿತ್ರ ನೋಡುವುದೇ ನಿಂತುಹೋಗುತ್ತದೆ.

ಈ ಅಭ್ಯಾಸ ಗಟ್ಟಿಯಾದದ್ದು ಗೇಬ್ರಿಯೆಲ್ ಮೆಟ್ಸು 1660ರ ದಶಕದಲ್ಲಿ ಬರೆದ, ಪತ್ರ ಓದುವ ಹೆಂಗಸಿನ ಚಿತ್ರದಿಂದ. ಮೂಲ ಡಬ್ಲಿನ್‌ನಲ್ಲಿದೆ. ನಾನು ನೋಡಿದ್ದು ಕಂಪ್ಯೂಟರಿನಲ್ಲಿ, ದೊಡ್ಡದು ಮಾಡಿಕೊಂಡು. ಹಳದಿ ಜಾಕೆಟ್ ತೊಟ್ಟವಳು ಕಿಟಕಿ ಪಕ್ಕ ಕೂತಿದ್ದಾಳೆ. ಹೊಲಿಗೆಯ ದಿಂಬು ಇನ್ನೂ ತೊಡೆಯ ಮೇಲಿದೆ. ಪತ್ರವನ್ನು ಬೆಳಕಿನ ಕಡೆ ಓರೆ ಮಾಡಿ ಹಿಡಿದಿದ್ದಾಳೆ. ಹೊಲಿಯುವಾಗ ಬೆರಳಿಗೆ ಹಾಕುವ ಲೋಹದ ಟೊಪ್ಪಿಗೆ ನೆಲಕ್ಕೆ ಬಿದ್ದಿದೆ. ಬಗ್ಗಿ ಎತ್ತಿಕೊಳ್ಳುವಷ್ಟೂ ತಾಳ್ಮೆ ಇಲ್ಲ ಅವಳಿಗೆ, ಅಲ್ವಾ? ಆ ಆತುರ ಕಾಣೋದಕ್ಕೆ ಯಾವ ಸಂಕೇತವೂ ಗೊತ್ತಿರಬೇಕಿಲ್ಲ.

ಆಮೇಲೆ ಕೆಲಸದವಳನ್ನು ನೋಡಿದೆ. ನಮಗೆ ಬೆನ್ನು ಹಾಕಿ ನಿಂತು, ಗೋಡೆಯ ಮೇಲಿನ ಚಿತ್ರದ ಹಸಿರು ಪರದೆ ಸರಿಸುತ್ತಿದ್ದಾಳೆ. ಒಳಗೆ ಅಬ್ಬರದ ಕಡಲು, ಹಡಗು. ಆ ಕಾಲದ ಡಚ್ ಲಾಂಛನ ಪುಸ್ತಕಗಳಲ್ಲಿ, ಅಂದರೆ ಸಂಕೇತದ ಚಿತ್ರಕ್ಕೆ ಪದ್ಯವೋ ನೀತಿಯೋ ಜೋಡಿಸಿದ ಪುಸ್ತಕಗಳಲ್ಲಿ, ಪ್ರೇಮವನ್ನು ಕಡಲಿಗೆ, ಪ್ರೇಮಿಯನ್ನು ಹಡಗಿಗೆ ಹೋಲಿಸುವುದಿತ್ತು. ಹಾಗಂತ ಡಚ್ಚರ ಗೋಡೆ ಮೇಲೆ ಕಡಲು ಕಂಡಲ್ಲೆಲ್ಲ ಪ್ರೇಮ ಅನ್ನೋಕಾಗಲ್ಲ. ಹಡಗಿನ ವ್ಯಾಪಾರದಿಂದಲೇ ಬೆಳೆದ ಊರುಗಳು ಅವು. ಇಲ್ಲಿ ಮಾತ್ರ ಪತ್ರ ಇದೆ, ಬಿದ್ದ ಟೊಪ್ಪಿಗೆ ಇದೆ, ಇದೇ ಗಳಿಗೆಯಲ್ಲಿ ಸರಿಯುತ್ತಿರುವ ಪರದೆ ಇದೆ. ಇದಕ್ಕೆ ಜೊತೆಯಾಗಿ ಮೆಟ್ಸುವೇ ಬರೆದ ಜೋಡಿ ಚಿತ್ರದಲ್ಲಿ ಒಬ್ಬ ಯುವಕ ಪತ್ರ ಬರೆಯುತ್ತಿದ್ದಾನೆ. ಇಷ್ಟು ಸಾಕ್ಷಿಗಳು ಒಂದೇ ಮಾತು ಹೇಳಿದ ಮೇಲೆ ನಾನು ಆ ಸಂಕೇತವನ್ನು ಒಪ್ಪಿಕೊಂಡೆ. ಪಕ್ಕದ ನಾಯಿಗೆ ಅಂಥ ಸಾಕ್ಷಿ ಸಿಗಲಿಲ್ಲ. ಅದನ್ನು ನಾಯಿಯಾಗಿಯೇ ಬಿಟ್ಟೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ, ಅದೇ ಕಾಲದ ಡಚ್ ಕಲಾವಿದ ವರ್ಮೀರನ ಚಿತ್ರ ಇನ್ನೊಂದು ವಿಷಯ ಕಲಿಸಿತು. ತೆರೆದ ಕಿಟಕಿಯ ಬಳಿ ಹುಡುಗಿಯೊಬ್ಬಳು ಪತ್ರ ಓದುತ್ತಿದ್ದಾಳೆ. ಹಿಂದೆ ಬರೀ ಗೋಡೆ ಇತ್ತು. ಆ ಗೋಡೆಯ ಬಣ್ಣದ ಅಡಿಯಲ್ಲಿ ಮನ್ಮಥನ ಚಿತ್ರ ಇದೆ ಅಂತ 1979ರ ಎಕ್ಸ್‌ರೇಯಲ್ಲೇ ಕಂಡಿತ್ತು. ವರ್ಮೀರನೇ ಮುಚ್ಚಿರಬೇಕು ಅಂದುಕೊಂಡಿದ್ದರು. ಆದರೆ ಮುಚ್ಚಿದ ಬಣ್ಣದ ಕೆಳಗೆ ಹಳೆಯ ವಾರ್ನಿಷ್ ಮತ್ತು ಕೊಳೆಯ ಪದರ ಸಿಕ್ಕಿತು. ಅಂದರೆ ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಯಾರೋ ಬಳಿದದ್ದು. ಅದನ್ನು ಕೆರೆದು ತೆಗೆದು 2021ರಲ್ಲಿ ಚಿತ್ರವನ್ನು ಮತ್ತೆ ಪ್ರದರ್ಶನಕ್ಕಿಟ್ಟರು. ಮನ್ಮಥ ಮುಖವಾಡವನ್ನು ತುಳಿದು ನಿಂತಿದ್ದಾನೆ. ಕಪಟವನ್ನು ಮೆಟ್ಟಿದ ಪ್ರೇಮ ಅಂತ ಅದನ್ನು ಓದುತ್ತಾರೆ.

ಹಳೆಯ ಮತ್ತು ಹೊಸ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಬರೀ ಗೋಡೆಯ ಮುಂದೆ ಅವಳು ತೀರಾ ಒಂಟಿ. ಮನ್ಮಥ ಬಂದ ಮೇಲೆ ಕೋಣೆ ತುಂಬಿಕೊಂಡಿದೆ, ಮೌನ ಕಡಿಮೆಯಾಗಿದೆ. ಆದರೆ ಬಗ್ಗಿದ ತಲೆ, ಕಿಟಕಿ ಗಾಜಿನಲ್ಲಿ ಮೂಡಿದ ಮುಖ ಎರಡರಲ್ಲೂ ಒಂದೇ. ಪತ್ರ ಪ್ರೇಮದ್ದು ಅಂತ ಮನ್ಮಥ ಹೇಳುತ್ತಾನೆ. ಬಂದದ್ದು ಸಿಹಿಯೋ ಕಹಿಯೋ ಅನ್ನೋದಕ್ಕೆ ಅವಳ ಮುಖವನ್ನೇ ನೋಡಬೇಕು.

ಮುಖವೇ ಕಾಣದಿದ್ದರೆ? ಅದೇ ಕಾಲದ ಇನ್ನೊಬ್ಬ ಡಚ್ ಕಲಾವಿದ ಟೆರ್ ಬೋರ್ಕ್‌ನ ಒಂದು ಚಿತ್ರದಲ್ಲಿ ಬೆಳ್ಳಿಯಂತೆ ಹೊಳೆಯುವ ಸ್ಯಾಟಿನ್ ಉಟ್ಟವಳು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ತಂದೆ ಮಗಳಿಗೆ ಬುದ್ಧಿ ಹೇಳುತ್ತಿದ್ದಾನೆ ಅಂತ ಹಿಂದೆ ಓದುತ್ತಿದ್ದರು. ಈಗ ಅದು ಪ್ರಣಯದ ಮಾತುಕತೆ ಅನ್ನುವವರೇ ಜಾಸ್ತಿ, ವೇಶ್ಯಾಗೃಹ ಅನ್ನುವವರೂ ಇದ್ದಾರೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಚಿತ್ರದ ಪುಟಕ್ಕೆ ಮೂರು ಓದುಗಳನ್ನೂ ಬರೆದು, ಕೆಳಗೆ ಜಾಗ ಬಿಟ್ಟಿದ್ದೇನೆ.