ಹಬೆಯ ದಾರಿಯಲ್ಲಿದ್ದ ತಣ್ಣನೆಯ ಜಾಗ

ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ಹಬೆಯಿಂದ ಜಲಜನಕ ತೆಗೆಯುವ ಕೆಲಸಕ್ಕೆ ತೊಡಗಿದಾಗ ನನ್ನ ಚಿಂತೆಯೆಲ್ಲ 800 ಡಿಗ್ರಿ ಸೆಲ್ಸಿಯಸ್ ಕುಲುಮೆಯ ಮೇಲಿತ್ತು. ಆದರೆ ನನ್ನನ್ನು ಕಾಡಿದ್ದು ಕುಲುಮೆಯಲ್ಲ, ಅದರ ಹೊರಗಿದ್ದ ಗೇಣುದ್ದದ ಕೊಳವೆ.

ವಿದ್ಯುತ್ತಿನಿಂದ ಹಬೆಯನ್ನು ಒಡೆಯಲು ನಾನು ಬಳಸಿದ ಕೋಶ ರೂಪಾಯಿ ನಾಣ್ಯದಷ್ಟು ಅಗಲದ ಸಿರಾಮಿಕ್ ಬಿಲ್ಲೆ. ಅದರ ನಿಕ್ಕಲ್ ಬದಿಯಲ್ಲಿ ಹಬೆ ಎಲೆಕ್ಟ್ರಾನುಗಳನ್ನು ಪಡೆದು ಜಲಜನಕವಾಗುತ್ತದೆ. ಬೇರ್ಪಟ್ಟ ಆಮ್ಲಜನಕ ಅಯಾನಿನ ರೂಪದಲ್ಲಿ ಇಟ್ರಿಯಾ ಬೆರೆಸಿದ ಜಿರ್ಕೋನಿಯಾ ಎಂಬ ಸಿರಾಮಿಕ್‌ನ ಪದರವನ್ನು ಹಾಯ್ದು ಆಚೆ ಹೊರಬೀಳುತ್ತದೆ. ನೀರನ್ನು ಆವಿಯಾಗಿಸುವ ಶಾಖವನ್ನು ಇಲ್ಲಿ ವಿದ್ಯುತ್ತು ಒದಗಿಸಬೇಕಿಲ್ಲ. ಹಾಗಾಗಿ ಶಾಖದ ಲೆಕ್ಕ ಸರಿತೂಗಲು ದ್ರವ ನೀರಿಗೆ 1.48 ವೋಲ್ಟ್ ಬೇಕಾದರೆ, ಹಬೆಗೆ ಸುಮಾರು 1.29 ವೋಲ್ಟ್ ಸಾಕು. ನನ್ನನ್ನು ಈ ಕೆಲಸಕ್ಕೆ ಎಳೆದದ್ದೇ ಈ ಉಳಿತಾಯ.

ಕೋಶವನ್ನು ಅಲ್ಯುಮಿನಾ ಕೊಳವೆಯ ತುದಿಗೆ ಗಾಜಿನ ಪೇಸ್ಟಿನಿಂದ ಅಂಟಿಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿ ಏರಿಸಿ, ಜಲಜನಕ ಹಾಯಿಸಿ ನಿಕ್ಕಲ್ ಆಕ್ಸೈಡನ್ನು ನಿಕ್ಕಲ್ ಆಗಿಸುತ್ತಿದ್ದೆ. ಆಮೇಲೆ ಅದೇ ಜಲಜನಕವನ್ನು ಬಿಸಿನೀರಿನ ಪಾತ್ರೆಯೊಳಗೆ ಗುಳ್ಳೆಗಳಾಗಿ ಹಾಯಿಸಿ ಹಬೆಯನ್ನು ಕೂಡಿಸಿ ಕಳಿಸುತ್ತಿದ್ದೆ; ಬರಿಯ ಹಬೆ ಬಿಟ್ಟರೆ ನಿಕ್ಕಲ್ ಮತ್ತೆ ಆಕ್ಸೈಡಾಗಿ ಉಬ್ಬಿ ಕೋಶ ಬಿರಿಯುತ್ತದೆ. ಹಬೆ, ಜಲಜನಕ ಸಮಪಾಲಾಗಬೇಕಾದರೆ ಸಮುದ್ರಮಟ್ಟದಲ್ಲಿ ನೀರು ಸುಮಾರು 82 ಡಿಗ್ರಿಯಲ್ಲಿರಬೇಕು. ಸುಮಾರು 600 ಮೀಟರ್ ಎತ್ತರದ ನಮ್ಮೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ 80 ಡಿಗ್ರಿ ಸಾಕು.

ಕರೆಂಟ್ ಹಾಯಿಸುವ ಮುನ್ನ ಇಂಥ ಕೋಶ ತಾನಾಗಿಯೇ 0.94 ವೋಲ್ಟ್ ತೋರಿಸಬೇಕು. ನನ್ನ ಮೀಟರು 0.97 ತೋರಿಸುತ್ತಿತ್ತು, ಕರೆಂಟ್ ಕೊಟ್ಟೊಡನೆ ಓದು ಹೊಯ್ದಾಡುತ್ತಿತ್ತು. ವೋಲ್ಟೇಜು ಹೆಚ್ಚಿರುವುದು ಅಂಟು ಬಿಗಿಯಾಗಿರುವುದರ ಲಕ್ಷಣವೆಂದು ಎರಡು ವಾರ ನಂಬಿದ್ದೆ. ಅದು ನನ್ನದೇ ತಪ್ಪು. ಅನಿಲಗಳ ಪಾಲಿನಿಂದ ಕೋಶದ ವೋಲ್ಟೇಜನ್ನು ಲೆಕ್ಕ ಹಾಕುವ ನರ್ನ್‌ಸ್ಟ್ ಸಮೀಕರಣವನ್ನು ವೋಲ್ಟೇಜಿನಿಂದ ಹಿಂದಕ್ಕೆ ಬಿಡಿಸಿದಾಗ ಕೋಶಕ್ಕೆ ತಲುಪುತ್ತಿದ್ದ ಹಬೆ ಶೇಕಡಾ 35ರಷ್ಟು ಮಾತ್ರ ಎಂದು ತಿಳಿಯಿತು. ಅಷ್ಟೇ ಹಬೆ ಉಳಿಯಬೇಕೆಂದರೆ ದಾರಿಯಲ್ಲಿ ಎಲ್ಲೋ ಸುಮಾರು 71 ಡಿಗ್ರಿಯ ಜಾಗವೊಂದು ಇರಲೇಬೇಕು. ಉಷ್ಣತೆ ಅಳೆಯುವ ಥರ್ಮೋಕಪಲ್ ಹಿಡಿದು ಕೊಳವೆಯನ್ನು ತಡವುತ್ತಾ ಹೋದೆ. ಕುಲುಮೆಯ ಬಾಯಿಯ ಹತ್ತಿರದ ಉಕ್ಕಿನ ಕೀಲಿಗೆ ಬಿಸಿಪಟ್ಟಿ ಸುತ್ತಿರಲಿಲ್ಲ, ಅಲ್ಲಿ 70 ಡಿಗ್ರಿ ಇತ್ತು. ಅಲ್ಲೇ ಹಬೆ ನೀರಾಗಿ, ಆಗಾಗ ಹನಿಯೊಂದು ಉರುಳಿ ಬಿಸಿ ಕೊಳವೆಗೆ ಬಿದ್ದು ಥಟ್ಟನೆ ಆವಿಯಾಗುತ್ತಿತ್ತು. ಇಡೀ ದಾರಿಯನ್ನು 130 ಡಿಗ್ರಿಗೆ ಏರಿಸಿದ ಮೇಲೆ ಮೀಟರು 0.94ಕ್ಕೆ ಬಂದು ನಿಂತಿತು. ಅಂದಿನಿಂದ ಮೀಟರನ್ನು ನೋಡದೆ ನಾನು ಕರೆಂಟ್ ಹಾಯಿಸಿದ್ದಿಲ್ಲ.

ಒಂದು ಕೋಶವನ್ನು ಮಾತ್ರ ಬೇಸಿಗೆಯ ವಿದ್ಯುತ್ ಕಡಿತ ಬಲಿ ತೆಗೆದುಕೊಂಡಿತು. ವಿದ್ಯುತ್ತು ಹೋದೊಡನೆ ಜಲಜನಕದ ನಿಯಂತ್ರಕ ಮುಚ್ಚಿಕೊಂಡಿತು, ಒಳಗಿದ್ದ ಹಬೆ ನಿಕ್ಕಲ್ ಅನ್ನು ತಿಂದುಹಾಕಿತು. ಈಗ ಪಕ್ಕದಲ್ಲೇ ಕೈಯಿಂದ ತಿರುಗಿಸುವ ಸೂಜಿ ಕವಾಟವಿದೆ; ಅದನ್ನು ಸದಾ ಸ್ವಲ್ಪ ತೆರೆದೇ ಇಡುತ್ತೇನೆ.

ಕೋಶಕ್ಕೆ ಅರ್ಧ ಆಂಪಿಯರ್ ಕೊಟ್ಟಾಗ, ಹೊರಬಂದ ಅನಿಲವನ್ನು ಒಣಗಿಸಿ ಸಾಬೂನಿನ ಗುಳ್ಳೆಯ ಮಾಪಕದಲ್ಲಿ ಅಳೆದೆ. ಹಾಯಿಸಿದ ಕರೆಂಟಿಗೆ ತಕ್ಕಷ್ಟೇ ಅನಿಲ ಹುಟ್ಟುತ್ತದೆ ಎನ್ನುವ ಫ್ಯಾರಡೆ ನಿಯಮದಂತೆ ಇಲ್ಲಿನ ಒತ್ತಡ, ಉಷ್ಣತೆಗಳಲ್ಲಿ ನಿಮಿಷಕ್ಕೆ 4.1 ಮಿಲಿಲೀಟರ್ ಜಲಜನಕ ಹೆಚ್ಚಬೇಕಿತ್ತು. ಮೂರು ಸಲ ಅಳೆದಾಗಲೂ 4ರ ಆಸುಪಾಸಿನಲ್ಲೇ ಬಂತು.