ಮ್ಯಾಕ್ರೊ ಫೈಲ್ ಸೇವ್ ಆಗದಿದ್ದರೆ ಪಾತ್‌ನ ಅಕ್ಷರ ಎಣಿಸಿ ನೋಡಿ

ಒಂದು ದೊಡ್ಡ ವರದಿಯನ್ನು ವಿಭಾಗವಾರು ಬೇರೆ ಬೇರೆ ಫೈಲ್ ಮಾಡಿ ಸೇವ್ ಮಾಡುವ ಎಕ್ಸೆಲ್ ಮ್ಯಾಕ್ರೊ (ಎಕ್ಸೆಲ್ ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂ) ನನ್ನದೊಂದಿದೆ. ಕೆಲವು ವಿಭಾಗಗಳ ಫೈಲು ಸಲೀಸಾಗಿ ಸೇವ್ ಆಗುತ್ತಿದ್ದವು. ಕೆಲವಕ್ಕೆ ಮಾತ್ರ ರನ್‌ಟೈಮ್ ಎರರ್ 1004. ಸೇವ್ ಆ್ಯಸ್ ಆಗಲಿಲ್ಲ ಅನ್ನುವುದು ಬಿಟ್ಟು ಅದು ಬೇರೇನೂ ಬಾಯಿ ಬಿಡುವುದಿಲ್ಲ.

1004 ಬಂದರೆ ಮೊದಲ ಅನುಮಾನ ಫೈಲ್ ಫಾರ್ಮ್ಯಾಟ್ ಮೇಲೆ. ಎಕ್ಸ್‌ಎಲ್‌ಎಸ್‌ಎಮ್, ಅಂದರೆ ಮ್ಯಾಕ್ರೊ ಇರುವ ಎಕ್ಸೆಲ್ ಫೈಲಿಗೆ ಫಾರ್ಮ್ಯಾಟ್ ನಂಬರ್ 52 ಕೊಡಬೇಕು, ಅದು ಸರಿಯಾಗಿಯೇ ಇತ್ತು. ಅದೇ ಕಾರಣವಾಗಿದ್ದರೆ ಎಲ್ಲ ಫೈಲೂ ಕೈಕೊಡಬೇಕಿತ್ತು, ಅಲ್ವಾ? ಇಲ್ಲಿ ಮುಗ್ಗರಿಸುತ್ತಿದ್ದದ್ದು ಉದ್ದ ಹೆಸರಿನ ವಿಭಾಗಗಳು ಮಾತ್ರ. ಹಾಗಾಗಿ ಸೇವ್ ಮಾಡುವ ಸಾಲಿನ ಮೇಲೆ ಒಂದು ಡಿಬಗ್ ಪ್ರಿಂಟ್ (ಬೇಕಾದ ಮೌಲ್ಯ ತೋರಿಸುವ ಸಾಲು) ಹಾಕಿ, ಅಕ್ಷರ ಎಣಿಸುವ ಲೆನ್ ಫಂಕ್ಷನ್‌ನಿಂದ ಪೂರ್ತಿ ಪಾತ್‌ನ, ಅಂದರೆ ಫೈಲ್ ಇರುವ ಜಾಗದ ಪೂರ್ತಿ ವಿಳಾಸದ, ಉದ್ದ ತೋರಿಸಿಕೊಂಡೆ. ನಿಂತುಹೋದವೆಲ್ಲ 218 ದಾಟಿದ್ದವು.

ಪಾತ್‌ನ ಉದ್ದಕ್ಕೆ ವಿಂಡೋಸ್‌ನ ಮಿತಿ 260 ಅಕ್ಷರ ಅಂತ ತುಂಬಾ ಜನಕ್ಕೆ ಗೊತ್ತು. ಎಕ್ಸೆಲ್‌ನದು ಅದಕ್ಕಿಂತ ಕಡಿಮೆ, 218. ಡ್ರೈವ್ ಅಕ್ಷರ, ಫೋಲ್ಡರ್‌ಗಳು, ನಡುವಿನ ಓರೆಗೆರೆ, ಫೈಲ್ ಹೆಸರು, ಎಕ್ಸ್‌ಟೆನ್ಷನ್ ಎಲ್ಲಾ ಇದರೊಳಗೇ. ಒಂದು ಫೈಲಿನಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟಾಗ ಪಾತ್ ಜೊತೆ 31 ಅಕ್ಷರದವರೆಗಿನ ಶೀಟ್ ಹೆಸರು, ಬ್ರಾಕೆಟ್, ಸೆಲ್ ವಿಳಾಸ ಎಲ್ಲವೂ ಹಿಡಿಸಬೇಕು. ಅದಕ್ಕೆ ಬಿಟ್ಟ ಜಾಗ ಕಳೆದು ಉಳಿದದ್ದೇ 218.

ಹಾಗಾಗಿ ವಿಂಡೋಸ್ 10ರಲ್ಲಿ ಉದ್ದ ಪಾತ್‌ಗೆ ಅನುಮತಿ ಕೊಡುವ ಸೆಟ್ಟಿಂಗ್ ಆನ್ ಮಾಡಿದರೂ ಎಕ್ಸೆಲ್‌ಗೆ ಉಪಯೋಗವಿಲ್ಲ. ಚಿಕ್ಕ ಫೋಲ್ಡರ್‌ನಲ್ಲಿ ಸೇವ್ ಮಾಡಿ ಆಮೇಲೆ ಉದ್ದದ ಜಾಗಕ್ಕೆ ಕಾಪಿ ಮಾಡುವ ಉಪಾಯವನ್ನೂ ನಂಬಬೇಡಿ. ಕಾಪಿ ಆಗುತ್ತದೆ, ಎಕ್ಸೆಲ್‌ನಲ್ಲಿ ತೆರೆಯುವುದಿಲ್ಲ.

ತುರ್ತಿಗೆ ಸಬ್‌ಸ್ಟ್ ಕಮಾಂಡ್ ಒಳ್ಳೆಯದು. ಉದ್ದದ ಫೋಲ್ಡರ್‌ಗೆ ಒಂದು ಡ್ರೈವ್ ಅಕ್ಷರ ಕೊಟ್ಟರೆ ಅಷ್ಟುದ್ದದ ಪಾತ್ ಮೂರೇ ಅಕ್ಷರಕ್ಕೆ ಇಳಿಯುತ್ತದೆ. ಆದರೆ ಕಂಪ್ಯೂಟರ್ ರೀಸ್ಟಾರ್ಟ್ ಆದರೆ ಆ ಡ್ರೈವ್ ಮಾಯ. ಬೇರೆಯವರ ಕಂಪ್ಯೂಟರ್‌ನಲ್ಲಂತೂ ಅದು ಇರುವುದೇ ಇಲ್ಲ. ಅದಕ್ಕೆ ಲಿಂಕ್ ಕೊಡುವ ಫೈಲುಗಳಿಗೆ ನಾನು ಇದನ್ನು ಬಳಸುವುದಿಲ್ಲ.

ಕೊನೆಗೆ ಫೋಲ್ಡರ್‌ಗಳ ಹೆಸರನ್ನೇ ಮೊಟಕು ಮಾಡಿದೆ. ಮೇಲಿನ ಫೋಲ್ಡರ್‌ನಲ್ಲಿದ್ದ ವರ್ಷ ಮತ್ತು ವಿಭಾಗದ ಹೆಸರು ಒಳಗಿನ ಪ್ರತಿ ಫೋಲ್ಡರ್‌ನಲ್ಲೂ, ಫೈಲ್ ಹೆಸರಿನಲ್ಲೂ ಸುಮ್ನೆ ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ತೆಗೆದದ್ದೇ ಜಾಸ್ತಿ ಜಾಗ ಉಳಿಸಿತು. ಜೊತೆಗೆ ಮ್ಯಾಕ್ರೊದಲ್ಲಿ ಒಂದು ಇಫ್ ಸೇರಿಸಿದ್ದೇನೆ: ಉದ್ದ 218 ಮೀರಿದರೆ ಸೇವ್‌ಗೆ ಕೈ ಹಾಕದೆ, ಯಾವ ಫೈಲು, ಎಷ್ಟು ಅಕ್ಷರ ಹೆಚ್ಚಾಗಿದೆ ಅಂತ ಮೆಸೇಜ್ ಬಾಕ್ಸ್‌ನಲ್ಲಿ ಹೇಳಿ ಮುಂದಿನ ಫೈಲಿಗೆ ಹೋಗುತ್ತದೆ.