ಹಂದಿಮರಿಗಳ ಭೇದಿ: ಮದ್ದಿಗಿಂತ ಒಣಗಿದ ಗೂಡೇ ಜಾಸ್ತಿ ಕೆಲಸ ಮಾಡಿತು

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಚಿಕ್ಕ ಹಂದಿ ಫಾರ್ಮ್ ಇದೆ. ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಎರಡು ವಾರದ ಆಸುಪಾಸಿನ ಮರಿಗಳಿಗೆ ನೀರಿನಂಥ ಹಳದಿ ಭೇದಿ ಶುರುವಾಯಿತು. ಬೆಳಗಾಗುವುದರೊಳಗೆ ಪಕ್ಕದ ಗೂಡಿಗೂ ದಾಟಿತ್ತು. 2022ರಲ್ಲಿ ವಯನಾಡಿಗೆ ಆಫ್ರಿಕನ್ ಹಂದಿಜ್ವರ ಬಂದ ಮೇಲೆ, ಹಂದಿ ಸ್ವಲ್ಪ ಮಂಕಾದರೂ ನಮಗೆ ಹೆದರಿಕೆ. ಆದರೆ ಆ ರೋಗ ವಯಸ್ಸು ನೋಡುವುದಿಲ್ಲ, ಜೋರು ಜ್ವರ ಬಂದು ದೊಡ್ಡವೂ ಸಾಯುತ್ತವೆ. ನಮ್ಮ ತಾಯಿ ಹಂದಿಗಳು ಎಂದಿನಂತೆ ತಿನ್ನುತ್ತಿದ್ದವು.

ಡಾಕ್ಟ್ರು ಬಂದವರೇ ಭೇದಿಗೆ ಲಿಟ್ಮಸ್ ಕಾಗದ ಹಿಡಿದರು. ನೀಲಿ ಕಾಗದ ಕೆಂಪಾಯಿತು. ವೈರಸ್ ಸಣ್ಣ ಕರುಳಿನ ಒಳಪದರ ಹಾಳು ಮಾಡಿದರೆ ಹಾಲು ಜೀರ್ಣವಾಗದೆ ಹುಳಿಯಾಗುತ್ತದಂತೆ. ಇ-ಕೋಲೈ ಎಂಬ ಬ್ಯಾಕ್ಟೀರಿಯಾದ ಭೇದಿಯಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ಇದೇ ವಯಸ್ಸಿಗೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಸೂಕ್ಷ್ಮಜೀವಿ ಕೂಡ ಬರುತ್ತದೆ, ಹಾಗಾಗಿ ಸೂಕ್ಷ್ಮದರ್ಶಕದಲ್ಲೂ ನೋಡಿದರು. ಕೊನೆಗೆ, ಆಗಷ್ಟೇ ಭೇದಿ ಶುರುವಾದ, ಯಾವ ಮದ್ದೂ ಕೊಡದ ಮರಿಗಳ ಸ್ಯಾಂಪಲ್ ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಿದೆವು. ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪಿಸಿಆರ್ ಪರೀಕ್ಷೆಯಲ್ಲಿ, ಕರುಳಿಗೆ ತಗಲುವ ರೋಟಾವೈರಸ್ ಅಂತ ಬಂತು.

ಇದಕ್ಕೆ ಆ್ಯಂಟಿಬಯೋಟಿಕ್ ಸುಮ್ನೆ ದುಡ್ಡು ದಂಡ. ಜೊತೆಗೆ ಬ್ಯಾಕ್ಟೀರಿಯಾ ಸೇರಿದ್ದರೆ ಮಾತ್ರ ಬೇಕಾಗುತ್ತದೆ. ಮರಿ ಸಾಯುವುದು ಹೆಚ್ಚಾಗಿ ಮೈಯ ನೀರು ಇಳಿದು, ಚಳಿ ಹಿಡಿದು. ಅಗಲ ತಟ್ಟೆಯಲ್ಲಿ ಓಆರ್‌ಎಸ್ ನೀರಿಟ್ಟೆ, ಬಲ್ಬ್ ಹಾಕಿ ಮೂಲೆ 30 ಡಿಗ್ರಿಯ ಆಸುಪಾಸು ಬೆಚ್ಚಗಿರುವಂತೆ ನೋಡಿಕೊಂಡೆ. ತಾಯಿ ಹಾಲು ತಪ್ಪಿಸಲಿಲ್ಲ.

ನಿಜವಾದ ಕೆಲಸ ಗೂಡಿನದು. ಈ ವೈರಸ್ ಸಗಣಿಯಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಸಗಣಿ ಇರುವ ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಿದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ. ಗೂಡು ಪೂರ್ತಿ ಖಾಲಿ ಮಾಡಿ, ಸೋಪು ನೀರು ಹಾಕಿ ಸಂದುಗೊಂದಿ ಉಜ್ಜಿ, ಒಣಗಿಸಿ, ಆಮೇಲೆ ಬ್ಲೀಚಿಂಗ್ ನೀರು. ಮತ್ತೆ ಒಣಗಬೇಕು. ನಮ್ಮ ಕಾಸರಗೋಡಿನ ಮಳೆಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಸಿಮೆಂಟು ನೆಲ ಒಣಗುತ್ತದೆಯೇ! ಫ್ಯಾನ್ ಹಾಕಿ ಕಾದೆ. ಗೂಡಿಗೆ ಹಂದಿಗಳನ್ನು ಒಂದೇ ಸಲಕ್ಕೆ ತುಂಬಿಸುವುದು, ಒಂದೇ ಸಲಕ್ಕೆ ಖಾಲಿ ಮಾಡುವುದು, ಈ ಕ್ರಮ ಈಗ ಮುರಿಯುವುದಿಲ್ಲ.

ಡಾಕ್ಟ್ರು ಹೇಳಿದ ಇನ್ನೊಂದು ಉಪಾಯಕ್ಕೆ ಮೊದಲು ಹೇಸಿಗೆಯಾಯಿತು. ಕಾಯಿಲೆ ಮರಿಗಳ ಸಗಣಿಯನ್ನು ಗಬ್ಬದ ಹಂದಿಗಳ ತೀನಿಗೆ ಬೆರೆಸುವುದು, ಅದೂ ಮರಿ ಹಾಕಲು ಮೂರು ವಾರಕ್ಕಿಂತ ಮೊದಲೇ. ಆಗ ಗಿಣ್ಣುಹಾಲಿನಲ್ಲೂ ಹಾಲಿನಲ್ಲೂ ಮರಿಗೆ ರಕ್ಷಣೆ ಸಿಗುತ್ತದೆ. ಯಾವ ರೋಗ ಅಂತ ಖಚಿತವಾಗದೆ, ಡಾಕ್ಟ್ರನ್ನು ಕೇಳದೆ ಇದನ್ನು ಮಾಡಬೇಡಿ. ಬೇರೆ ರೋಗವನ್ನೂ ನಾವೇ ಹಂಚಿದ ಹಾಗಾದೀತು.

ಮುಂದಿನ ಸಲದ ಮರಿಗಳಲ್ಲೂ ಅಲ್ಲಲ್ಲಿ ಭೇದಿ ಕಂಡಿತು. ದೊಡ್ಡ ಹಂದಿಗಳು ಲಕ್ಷಣ ತೋರಿಸದೆ ವೈರಸ್ ಇಟ್ಟುಕೊಂಡಿರುತ್ತವಲ್ಲ. ಆದರೆ ಮರಿಗಳು ಚೇತರಿಸಿಕೊಂಡವು. ಈಗ ಗೂಡು ತೊಳೆಯಲು ಶುರು ಮಾಡುವುದು ಎಳೆ ಮರಿಗಳ ಕಡೆಯಿಂದ, ಭೇದಿಯ ಗೂಡು ಕೊನೆಗೆ. ಅಲ್ಲಿಗೆ ಬೂಟು, ಹಿಡಿಸೂಡಿ ಎಲ್ಲ ಬೇರೆ.